ಸೊಸೈಟಿಯ ಲೆಕ್ಕಕ್ಕೆ ಯಾವ ಡೇಟಾಬೇಸ್

1997ರ ಆಗಸ್ಟ್ 15ರಂದು ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ ಎಂಬ ಊರು ಇದ್ದಲ್ಲೇ ಇದ್ದು ಜಿಲ್ಲೆ ಬದಲಿಸಿತು. ಅಲ್ಲಿಯವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು, ಚಿತ್ರದುರ್ಗದ ಜಗಳೂರು, ಹರಿಹರ, ದಾವಣಗೆರೆ, ಬಳ್ಳಾರಿಯ ಹರಪನಹಳ್ಳಿ ಸೇರಿ ಹೊಸ ದಾವಣಗೆರೆ ಜಿಲ್ಲೆಯಾಯಿತು. ಮುಂದೆ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಪ್ರತಿ ಸದಸ್ಯನ ಹೆಸರಿನ ಮುಂದೆಯೂ ಊರು, ತಾಲ್ಲೂಕು, ಜಿಲ್ಲೆ ಎಂದು ಬರೆದಿಟ್ಟುಕೊಂಡ ಯಾವುದೇ ಸಂಸ್ಥೆಯ ರಿಜಿಸ್ಟರು ಪ್ರತಿ ಸಲವೂ ಒಂದೇ ದಿನದಲ್ಲಿ ಸಾವಿರಾರು ಸಾಲುಗಳಷ್ಟು ಸುಳ್ಳಾಯಿತು. ತಿದ್ದಿದವರು ಕೆಲವನ್ನು ತಿದ್ದಿದರು, ಕೆಲವು ಉಳಿದುಹೋದವು. ಒಂದೇ ಊರಿನ ಇಬ್ಬರು ಎರಡು ಜಿಲ್ಲೆಗಳಲ್ಲಿ ವಾಸಿಸುವಂತಾಗುವುದು ಹೀಗೆ.

1970ರಲ್ಲಿ ಐಬಿಎಂ ಕಂಪನಿಯ ಗಣಿತಜ್ಞ ಎಡ್ಗರ್ ಕಾಡ್ ಒಂದು ಪ್ರಬಂಧ ಪ್ರಕಟಿಸಿದರು. ಮಾಹಿತಿಯನ್ನು ಸರಳ ಟೇಬಲ್‌ಗಳಲ್ಲಿ ಇಡಬೇಕು, ಒಂದು ಟೇಬಲ್‌ನ ಸಾಲು ಇನ್ನೊಂದರ ಸಾಲನ್ನು ಅದರ ಗುರುತಿನ ಸಂಖ್ಯೆಯಿಂದ ಹೆಸರಿಸಬೇಕು ಎಂಬುದು ಅದರ ತಿರುಳು. ಆ ದಾರಿಯಲ್ಲಿ ಮುಂದೆ ಬೆಳೆದ ವಿನ್ಯಾಸ ನಿಯಮಗಳು ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕೆಂದು ಹೇಳುತ್ತವೆ. ಸದಸ್ಯನ ಸಾಲು ಊರನ್ನು ತೋರಿಸುತ್ತದೆ, ಊರಿನ ಸಾಲು ತಾಲ್ಲೂಕನ್ನು, ತಾಲ್ಲೂಕಿನ ಸಾಲು ಜಿಲ್ಲೆಯನ್ನು. ಚನ್ನಗಿರಿಯ ಒಂದು ಸಾಲು ತಿದ್ದಿದರೆ ಕೆರೆಬಿಳಚಿಯ ಎಲ್ಲ ಸದಸ್ಯರ ಜಿಲ್ಲೆಯೂ ಸರಿಹೋಗುತ್ತದೆ. ರಿಲೇಷನಲ್ ಡೇಟಾಬೇಸ್ ಎಂದು ಇಂದು ಕರೆಯುವುದು ಇದನ್ನೇ. ಅಡಿಕೆ ಮಾರಾಟ ಸಂಘ, ಹಾಲು ಉತ್ಪಾದಕರ ಸಂಘ, ನಾಲೆಯ ನೀರು ಬಳಕೆದಾರರ ಸಂಘ, ಶಾಲೆ, ಗ್ರಂಥಾಲಯ, ಯಾವುದು ಕಂಪ್ಯೂಟರಿಗೆ ಹೋದರೂ ತಳದಲ್ಲಿ ಇಂಥದೊಂದು ಬೇಕಾಗುತ್ತದೆ.

ಹಣ ಕೊಡದೆ, ಒಳಗಿನ ಕೋಡ್ ಸಮೇತ ಸಿಗುವ ಇಂಥ ಡೇಟಾಬೇಸ್‌ಗಳಲ್ಲಿ ಗಟ್ಟಿಯಾಗಿ ನಿಂತಿರುವವು ಪೋಸ್ಟ್‌ಗ್ರೆಸ್‌ಕ್ಯೂಎಲ್ (ಚಿಕ್ಕದಾಗಿ ಪೋಸ್ಟ್‌ಗ್ರೆಸ್), ಮೈಎಸ್‌ಕ್ಯೂಎಲ್, ಅದರಿಂದ ಕವಲೊಡೆದ ಮರಿಯಾಡಿಬಿ ಮತ್ತು ಎಸ್‌ಕ್ಯೂಲೈಟ್. ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆಗೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಉತ್ತರ ಕೇಳಿಬರುತ್ತವೆ. ಯಾವುದು ವೇಗವೋ ಅದು ಎನ್ನುವುದು ಒಂದು. ಸಾಫ್ಟ್‌ವೇರ್ ಮಾಡಿಕೊಡುವ ಹುಡುಗನಿಗೆ ಯಾವುದು ಗೊತ್ತೋ ಅದು ಎನ್ನುವುದು ಇನ್ನೊಂದು. ಮೊದಲನೆಯದು ನಮ್ಮ ಸಂಸ್ಥೆಗಳಿಗೆ ಸಂಬಂಧಿಸಿದ್ದೇ ಅಲ್ಲ. ಎರಡನೆಯದರಲ್ಲಿ ಅರ್ಧ ಸತ್ಯವಿದೆ, ಅದಕ್ಕೆ ಮುಂದೆ ಬರುತ್ತೇನೆ. ನನ್ನ ವಾದ ಬೇರೆ: ತಪ್ಪು ಲೆಕ್ಕವನ್ನು ಬಾಗಿಲಲ್ಲೇ ತಡೆಯುವ, ಮಾಡಿಕೊಟ್ಟವನು ಊರು ಬಿಟ್ಟ ಮೇಲೂ ಉಳಿಯುವ ಡೇಟಾಬೇಸ್ ಬೇಕು. ಈ ಅಳತೆಯಲ್ಲಿ ಹಲವರು ಒಟ್ಟಿಗೆ ಬಳಸುವ ಹೊಸ ಕೆಲಸಕ್ಕೆ ಪೋಸ್ಟ್‌ಗ್ರೆಸ್ ಮೊದಲ ಆಯ್ಕೆಯಾಗಬೇಕು, ಬೇರೆಯದನ್ನು ಆರಿಸುವವರು ಕಾರಣ ಹೇಳಬೇಕು.

ವೇಗದ ಮಾತನ್ನು ಲೆಕ್ಕ ಹಾಕಿಯೇ ನೋಡೋಣ. ಒಂದು ಊರಿನ ಹಾಲಿನ ಡೇರಿಗೆ 200 ಮಂದಿ ದಿನಕ್ಕೆ ಎರಡು ಹೊತ್ತು ಹಾಲು ಹಾಕುತ್ತಾರೆ ಎಂದುಕೊಳ್ಳಿ. ವರ್ಷಕ್ಕೆ 1,46,000 ಸಾಲು. ಇಪ್ಪತ್ತು ವರ್ಷ ಒಂದು ಸಾಲನ್ನೂ ಅಳಿಸದೆ ಇಟ್ಟರೂ 30 ಲಕ್ಷ ಮುಟ್ಟುವುದಿಲ್ಲ. ಈ ನಾಲ್ಕರಲ್ಲಿ ಯಾವುದೇ ಆದರೂ ಇಷ್ಟನ್ನು ಹಳೆಯ ಕಂಪ್ಯೂಟರಿನಲ್ಲೂ ಸಲೀಸಾಗಿ ನಡೆಸುತ್ತದೆ. ದೊಡ್ಡವರ ಉದಾಹರಣೆಗಳು ಇಲ್ಲಿ ದಾರಿ ತೋರಿಸಲಾರವು. ಆಧಾರ್ ವ್ಯವಸ್ಥೆ ಮೈಎಸ್‌ಕ್ಯೂಎಲ್ ಬಳಸಿದೆ. ಬೆಂಗಳೂರಿನ ಷೇರು ವಹಿವಾಟು ಕಂಪನಿ ಝೆರೋಧಾ ತನ್ನ ಗ್ರಾಹಕರ ಲೆಕ್ಕದ ಸಾವಿರಾರು ಕೋಟಿ ಸಾಲುಗಳನ್ನು ಪೋಸ್ಟ್‌ಗ್ರೆಸ್‌ನಲ್ಲಿ ಇಟ್ಟಿದೆ. ಕನ್ನಡ ವಿಕಿಪೀಡಿಯವೂ ಸೇರಿ ಎಲ್ಲ ವಿಕಿಪೀಡಿಯಗಳು ಮರಿಯಾಡಿಬಿಯ ಮೇಲೆ ನಿಂತಿವೆ. ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಎಸ್‌ಕ್ಯೂಲೈಟ್‌ನ ಹತ್ತಾರು ಕಡತಗಳು ಈಗಲೂ ತೆರೆದಿವೆ. ಪೋಸ್ಟ್‌ಗ್ರೆಸ್ ಬಿಟ್ಟು ಮೈಎಸ್‌ಕ್ಯೂಎಲ್‌ಗೆ ಯಾಕೆ ಹೋದೆವೆಂದು ಊಬರ್ ಕಂಪನಿ 2016ರಲ್ಲಿ ಬರೆದದ್ದನ್ನು ಇವತ್ತಿಗೂ ಉದಾಹರಿಸುವವರಿದ್ದಾರೆ. ಒಂದೇ ಸಾಲನ್ನು ಪದೇ ಪದೇ ತಿದ್ದುವಾಗ ಪೋಸ್ಟ್‌ಗ್ರೆಸ್ ಡಿಸ್ಕಿಗೆ ಅಗತ್ಯಕ್ಕಿಂತ ಹೆಚ್ಚು ಬರೆಯುತ್ತದೆ ಎಂಬುದು ಅವರ ಮುಖ್ಯ ದೂರಾಗಿತ್ತು. ಅವರ ಗಾತ್ರಕ್ಕೆ ಅದು ನಿಜವಾದ ತೊಂದರೆ. ಚನ್ನಗಿರಿಯ ಅಡಿಕೆ ಸಂಘದ ತೊಂದರೆ ಅದಲ್ಲ.

ಸಂಘದ ತೊಂದರೆ ಏನೆಂದು ಒಂದು ದಿನದ ವಹಿವಾಟಿನಲ್ಲೇ ಕಾಣುತ್ತದೆ. ರೈತರು ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಬೇರೆ ದರ್ಜೆಯ ಅಡಿಕೆ ತರುತ್ತಾರೆ. ಮೂಟೆಗಳ ತೂಕ ಆಗುತ್ತದೆ, ಟೆಂಡರ್‌ನಲ್ಲಿ ಕ್ವಿಂಟಾಲಿಗೆ ಇಷ್ಟು ಎಂದು ದರ ನಿಲ್ಲುತ್ತದೆ. ರೈತ ಮೊದಲೇ ಪಡೆದ ಸಾಲದ ಕಂತನ್ನು ಮುರಿದುಕೊಂಡು ಉಳಿದದ್ದನ್ನು ಅವನ ಖಾತೆಗೆ ಜಮಾ ಮಾಡಬೇಕು. ಇಲ್ಲಿ ಕನಿಷ್ಠ ನಾಲ್ಕು ಕಡೆ ಬರೆಯುವುದಿದೆ: ದಾಸ್ತಾನು, ಮಾರಾಟ ಪಟ್ಟಿ, ಸಾಲದ ಖಾತೆ, ಜಮಾ ಖಾತೆ. ಮೂರನೆಯದನ್ನು ಬರೆದು ನಾಲ್ಕನೆಯದನ್ನು ಬರೆಯುವಷ್ಟರಲ್ಲಿ ಕರೆಂಟು ಹೋದರೆ? ಸಾಲ ತೀರಿದೆ, ದುಡ್ಡು ಬಂದಿಲ್ಲ. ನಾಲ್ಕೂ ಆಗಬೇಕು, ಇಲ್ಲವೇ ಒಂದೂ ಆಗಿರಬಾರದು ಎಂಬ ಈ ಕಟ್ಟನ್ನು ಡೇಟಾಬೇಸ್‌ನವರು ಟ್ರಾನ್ಸಾಕ್ಷನ್ ಎನ್ನುತ್ತಾರೆ. ಕರೆಂಟು ಯಾವ ಗಳಿಗೆಯಲ್ಲೂ ಹೋಗಬಹುದಾದ ಊರಿನಲ್ಲಿ ಇದಕ್ಕಿಂತ ದೊಡ್ಡ ಗುಣ ಡೇಟಾಬೇಸಿಗೆ ಬೇರೆ ಇಲ್ಲ.

ಮೈಎಸ್‌ಕ್ಯೂಎಲ್‌ನ ಇತಿಹಾಸ ಇಲ್ಲಿಯೇ ನನ್ನನ್ನು ಕಾಡುವುದು. ಮೈಕೆಲ್ ವಿಡೇನಿಯಸ್ ಮತ್ತು ಸಂಗಡಿಗರು 1995ರಲ್ಲಿ ಅದನ್ನು ಹೊರತಂದಾಗ ಸರಳತೆ ಮತ್ತು ವೇಗವೇ ಅವರ ಗುರಿಯಾಗಿತ್ತು. 2010ರ 5.5 ಆವೃತ್ತಿಯವರೆಗೆ ಅದು ತಾನಾಗಿ ಬಳಸುತ್ತಿದ್ದ ಮೈಐಸ್ಯಾಮ್ ಎಂಬ ವ್ಯವಸ್ಥೆಗೆ ಟ್ರಾನ್ಸಾಕ್ಷನ್ ಗೊತ್ತಿರಲಿಲ್ಲ, ಒಂದು ಟೇಬಲ್ ಇನ್ನೊಂದನ್ನು ತೋರಿಸುವಾಗ ಆ ಸಾಲು ನಿಜವಾಗಿ ಇದೆಯೇ ಎಂದು ಅದು ನೋಡುತ್ತಿರಲಿಲ್ಲ. ಇಲ್ಲದ ಸದಸ್ಯನ ಹೆಸರಿಗೆ ಮಾರಾಟ ಪಟ್ಟಿ ಹುಟ್ಟಬಹುದಿತ್ತು. ತೂಕ ಸೊನ್ನೆಗಿಂತ ಹೆಚ್ಚಿರಬೇಕು ಎಂಬಂಥ ಷರತ್ತನ್ನು 2019ರ 8.0.16 ಆವೃತ್ತಿಯವರೆಗೆ ಅದು ಬರೆಯಲು ಬಿಡುತ್ತಿತ್ತು, ಆದರೆ ಪಾಲಿಸುತ್ತಿರಲಿಲ್ಲ. 2015ರ 5.7ಕ್ಕೆ ಮೊದಲು, ಬಿಗಿ ಕ್ರಮವನ್ನು ತಾವಾಗಿ ಆಯ್ದುಕೊಳ್ಳದಿದ್ದರೆ, ಉದ್ದದ ಹೆಸರನ್ನು ಜಾಗ ಸಾಲದೆ ತುಂಡರಿಸಿ ಒಳಗಿಟ್ಟುಕೊಂಡು ಒಂದು ಎಚ್ಚರಿಕೆ ಬರೆದು ಸುಮ್ಮನಾಗುತ್ತಿತ್ತು. ಪೋಸ್ಟ್‌ಗ್ರೆಸ್ ಅದೇ ಜಾಗದಲ್ಲಿ ನಿಂತು, ಇದು ಹಿಡಿಸುವುದಿಲ್ಲ ಎಂದು ಹಿಂದಕ್ಕೆ ಕಳಿಸುತ್ತದೆ.

ಇವತ್ತಿನ ಮೈಎಸ್‌ಕ್ಯೂಎಲ್ ಆ ದೋಷಗಳನ್ನು ಬಹುಮಟ್ಟಿಗೆ ಕಳೆದುಕೊಂಡಿದೆ, ಮರಿಯಾಡಿಬಿ ಷರತ್ತುಗಳನ್ನು 2017ರಿಂದಲೇ ಪಾಲಿಸುತ್ತಿದೆ. ಹಳೆಯ ಕತೆಯನ್ನು ಈಗ ಯಾಕೆ ಎತ್ತುತ್ತೇನೆಂದರೆ, ನಮ್ಮ ಊರುಗಳ ಕಂಪ್ಯೂಟರುಗಳಲ್ಲಿ ಇವತ್ತಿನ ಆವೃತ್ತಿ ಇರುವುದಿಲ್ಲ. ಹತ್ತು ವರ್ಷದ ಹಿಂದೆ ಯಾರೋ ಹಾಕಿಕೊಟ್ಟದ್ದು ಓಡುತ್ತಿರುತ್ತದೆ, ಅದನ್ನು ಮುಟ್ಟಲು ಎಲ್ಲರಿಗೂ ಭಯ. ಜೊತೆಗೆ, ಟೇಬಲ್‌ನ ರಚನೆಯನ್ನೇ ಬದಲಿಸುವ ಕೆಲಸ ಅರ್ಧಕ್ಕೆ ನಿಂತರೆ ಪೋಸ್ಟ್‌ಗ್ರೆಸ್ ಎಲ್ಲವನ್ನೂ ಮೊದಲಿದ್ದ ಸ್ಥಿತಿಗೆ ಮರಳಿಸಬಲ್ಲದು. ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿಗಳಲ್ಲಿ ರಚನೆ ಬದಲಿಸುವ ಪ್ರತಿ ಆದೇಶವೂ ಅಲ್ಲಿಯವರೆಗಿನ ಕೆಲಸವನ್ನು ಪಕ್ಕಾ ಮಾಡಿಬಿಡುತ್ತದೆ, ಹಿಂದೆ ಬರುವ ದಾರಿ ಇಲ್ಲ. ನುರಿತ ಕೈಗಳಿಗೆ ಇದು ಸಣ್ಣ ವಿಷಯ. ದೂರದ ಊರಿನಿಂದ ಒಬ್ಬನೇ ಬಂದು, ಸೊಸೈಟಿ ಬಾಗಿಲು ಹಾಕುವ ಮೊದಲು ಕೆಲಸ ಮುಗಿಸಬೇಕಾದವನಿಗೆ ದೊಡ್ಡದು.

ಜಿಲ್ಲೆ ಬದಲಾದ ಕತೆಯಲ್ಲಿ ಇನ್ನೊಂದು ಪಾಠವಿದೆ. ಚನ್ನಗಿರಿಯ ಸಾಲನ್ನು ತಿದ್ದಿಬಿಟ್ಟರೆ ಸಾಕೇ? 1994ರ ಸಾಲದ ಪತ್ರವನ್ನು ಇವತ್ತು ತೆಗೆದು ನೋಡಿದರೆ ಅದರಲ್ಲಿ ಶಿವಮೊಗ್ಗ ಎಂದೇ ಇರಬೇಕು, ಯಾಕೆಂದರೆ ಆಗ ಅದೇ ನಿಜ. ಆದ್ದರಿಂದ ತಾಲ್ಲೂಕು ಯಾವ ಜಿಲ್ಲೆಗೆ, ಯಾವ ದಿನದಿಂದ ಯಾವ ದಿನದವರೆಗೆ ಸೇರಿತ್ತು ಎಂದು ಇಡಬೇಕು. ಹಾಗೆ ಇಟ್ಟಾಗ ಎರಡು ಅವಧಿಗಳು ಒಂದರ ಮೇಲೊಂದು ಹಾಯಬಾರದು. ಪೋಸ್ಟ್‌ಗ್ರೆಸ್‌ನಲ್ಲಿ ಅವಧಿ ಎಂಬುದೇ ಒಂದು ಮಾಹಿತಿಯ ಬಗೆ, ಒಂದರ ಮೇಲೊಂದು ಬೀಳುವ ಅವಧಿಗಳನ್ನು ತಾನೇ ತಡೆಯುವಂತೆ ಅದಕ್ಕೆ ಹೇಳಬಹುದು. ಮರಿಯಾಡಿಬಿಯೂ ಈಚಿನ ಆವೃತ್ತಿಗಳಲ್ಲಿ ಇದನ್ನು ಕಲಿತಿದೆ. ಸಾಲದ ಬಡ್ಡಿದರ, ನೀರಿನ ಸರದಿ, ಗೋದಾಮಿನ ಬಾಡಿಗೆ, ಎಲ್ಲದಕ್ಕೂ ಇದೇ ಬೇಕು. ನಮ್ಮ ಸಂಸ್ಥೆಗಳ ತಕರಾರುಗಳಲ್ಲಿ ಅನೇಕವು, ಆಗ ಏನಿತ್ತು ಎಂಬುದರ ಬಗೆಗಿನವು. ಈಗ ಏನಿದೆ ಎಂಬುದನ್ನು ಮಾತ್ರ ಹೇಳಬಲ್ಲ ಕಡತ ಅಲ್ಲಿ ಮೂಕವಾಗುತ್ತದೆ.

ಕನ್ನಡದ ವಿಷಯಕ್ಕೆ ಬರೋಣ. ಇದನ್ನು ಆಯ್ಕೆಯ ಅಳತೆಗಳಲ್ಲಿ ಸೇರಿಸುವವರು ಕಡಿಮೆ, ನನ್ನ ದೃಷ್ಟಿಯಲ್ಲಿ ಇದು ಮೊದಲ ಸಾಲಿನಲ್ಲಿ ಬರಬೇಕು. ‘ಕೆರೆಬಿಳಚಿ’ ಎಂದು ಓದುವಾಗ ಐದು ಅಕ್ಷರ. ಯೂನಿಕೋಡ್‌ನಲ್ಲಿ ಅದು ಒಂಬತ್ತು ಸಂಕೇತ, ಡಿಸ್ಕಿನ ಮೇಲೆ 27 ಬೈಟ್. ಇಂಗ್ಲಿಷ್ ಹೆಸರುಗಳ ಅಳತೆಯಲ್ಲಿ 20 ಅಕ್ಷರ ಸಾಕು ಎಂದು ನಿಗದಿ ಮಾಡಿದ ಕಾಲಂನಲ್ಲಿ ತಂದೆಯ ಹೆಸರು ಸೇರಿಸಿ ಬರೆದ ಕನ್ನಡದ ಹೆಸರು ಹಿಡಿಸುವುದಿಲ್ಲ. ಮೈಎಸ್‌ಕ್ಯೂಎಲ್ 2018ರ 8.0 ಆವೃತ್ತಿ ಬರುವವರೆಗೆ, ನಾವು ಬೇರೆ ಹೇಳದಿದ್ದರೆ, ಪಶ್ಚಿಮ ಯುರೋಪಿನ ಲಿಪಿಗಳ ಸಂಕೇತ ಪಟ್ಟಿಯನ್ನೇ ಬಳಸುತ್ತಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಎಷ್ಟೋ ಕಡೆ ರೈತರ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿದದ್ದು ಇದರಿಂದ. ಒಮ್ಮೆ ಹಾಗಾದರೆ ಒಳಗೆ ಉಳಿಯುವುದು ಬರೀ ಪ್ರಶ್ನಾರ್ಥಕ ಚಿಹ್ನೆಯೇ, ಹೆಸರನ್ನು ಮರಳಿ ಪಡೆಯುವ ಉಪಾಯವಿಲ್ಲ.

ಇನ್ನೂ ಸೂಕ್ಷ್ಮವಾದದ್ದು ಹುಡುಕಾಟ. ‘ಹೊನ್ನಾಳಿ’ಯ ‘ಹೊ’ ಅನ್ನು ಒಂದೇ ಸ್ವರಚಿಹ್ನೆಯಾಗಿ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನ ಎನ್ನುತ್ತದೆ, ಕಣ್ಣಿಗೂ ಎರಡೂ ಒಂದೇ. ಡೇಟಾಬೇಸಿಗೆ ಮಾತ್ರ ಅವು ಸಾಮಾನ್ಯವಾಗಿ ಬೇರೆ ಬೇರೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ ತಂದ ದತ್ತಾಂಶದಲ್ಲಿ ಇಂಥ ಜೋಡಿಗಳಿಗೆ ಕಣ್ಣಿಟ್ಟೇ ಇರಬೇಕು. ಒಬ್ಬನೇ ರೈತ ಇಬ್ಬರಾಗಿ ದಾಖಲಾದರೆ ಅವನ ಸಾಲದ ಮಿತಿ ಇಬ್ಬಗೆಯಾಗುತ್ತದೆ. 2020ರ 13ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ನಲ್ಲಿ ಈ ರೂಪಗಳನ್ನು ಒಂದುಮಾಡುವ ಸೌಲಭ್ಯ ಒಳಗೇ ಇದೆ. ಒಂದುಮಾಡದ ಪಠ್ಯವನ್ನು ಸ್ವೀಕರಿಸಬೇಡ ಎಂದು ಷರತ್ತನ್ನೇ ಹಾಕಬಹುದು. ಅಕಾರಾದಿ ಕ್ರಮಕ್ಕೂ ಅದು ಐಸಿಯು ಎಂಬ ಅಂತರರಾಷ್ಟ್ರೀಯ ತಂತ್ರಾಂಶ ಗ್ರಂಥಾಲಯದ ಕನ್ನಡ ನಿಯಮಗಳನ್ನು ಬಳಸಬಲ್ಲದು.

ಆದರೆ ಕೊರತೆಯನ್ನೂ ಹೇಳಬೇಕು. ಪಠ್ಯದೊಳಗೆ ಹುಡುಕುವಾಗ ವಿಭಕ್ತಿ ಪ್ರತ್ಯಯ ಕಳಚಿ ಮೂಲ ಪದ ಹಿಡಿಯುವ ವ್ಯವಸ್ಥೆ ಪೋಸ್ಟ್‌ಗ್ರೆಸ್‌ನೊಳಗೆ ತಮಿಳು, ಹಿಂದಿ, ನೇಪಾಳಿಗಳಿಗೆ ಇದೆ, ಕನ್ನಡಕ್ಕೆ ಇಲ್ಲ. ‘ಕೆರೆ’ ಎಂದು ಹುಡುಕಿದರೆ ‘ಕೆರೆಯಿಂದ’, ‘ಕೆರೆಗೆ’ ಸಿಗುವುದಿಲ್ಲ. ತಮಿಳಿಗೆ ಇರುವುದು ಯಾರೋ ಕುಳಿತು ನಿಯಮ ಬರೆದು ಕೊಟ್ಟದ್ದರಿಂದ. ಕನ್ನಡಕ್ಕೂ ಬರೆಯಬಹುದು, ಅನುಮತಿ ಕೇಳಬೇಕಾದ ಕಂಪನಿ ಯಾವುದೂ ಇಲ್ಲ. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳೂ ಕಂಪ್ಯೂಟರ್ ವಿಭಾಗಗಳೂ ಸೇರಿ ಮಾಡಬೇಕಾದ ಕೆಲಸ ಇದು, ಇಷ್ಟು ದಿನ ಆಗದೇ ಉಳಿದಿರುವುದು ನೋವಿನ ಸಂಗತಿ.

ಈಗ ಒಡೆತನ. ಮೈಎಸ್‌ಕ್ಯೂಎಲ್ ಕಂಪನಿಯನ್ನು 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ 100 ಕೋಟಿ ಡಾಲರಿಗೆ ಕೊಂಡಿತು. 2010ರ ಜನವರಿಯಲ್ಲಿ ಸನ್ ಕಂಪನಿಯೇ ಒರೇಕಲ್‌ನ ಪಾಲಾಯಿತು. ಮಾರಾಟದ ಡೇಟಾಬೇಸಿನಿಂದಲೇ ಬೆಳೆದ ಸಂಸ್ಥೆಯ ಕೈಗೆ ಉಚಿತ ಡೇಟಾಬೇಸಿನ ಹೆಸರೂ ಹಕ್ಕೂ ಹೋದವು. ಹಾಗಾಗುವ ಆತಂಕದಿಂದಲೇ ವಿಡೇನಿಯಸ್ ಅದಕ್ಕೂ ಮೊದಲೇ, 2009ರಲ್ಲಿ, ಅದೇ ಕೋಡಿನಿಂದ ಮರಿಯಾಡಿಬಿ ಕಟ್ಟಿದರು. ಮುಕ್ತ ಪರವಾನಗಿ ಇದ್ದುದರಿಂದ ಹಾಗೆ ಕವಲೊಡೆಯಲು ಸಾಧ್ಯವಾಯಿತು. ಪೋಸ್ಟ್‌ಗ್ರೆಸ್‌ನ ಬೇರು ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ 1986ರಲ್ಲಿ ತೊಡಗಿದ ಸಂಶೋಧನೆಯಲ್ಲಿದೆ. 1996ರಿಂದ ಅದನ್ನು ಹಲವು ದೇಶಗಳ ಅಭಿವೃದ್ಧಿಗಾರರ ಗುಂಪು ನಡೆಸುತ್ತಿದೆ. ಅದರಲ್ಲಿ ಹಲವು ಕಂಪನಿಗಳ ನೌಕರರಿದ್ದಾರೆ, ಯಾವ ಒಂದು ಕಂಪನಿಯೂ ಅದರ ಯಜಮಾನನಲ್ಲ. ಕೊಂಡುಕೊಳ್ಳಲು ಅಲ್ಲಿ ಅಂಗಡಿಯೇ ಇಲ್ಲ. ಪ್ರತಿ ವರ್ಷ ಒಂದು ಹೊಸ ಆವೃತ್ತಿ ಬರುತ್ತದೆ, ಪ್ರತಿ ಆವೃತ್ತಿಗೂ ಐದು ವರ್ಷ ತಿದ್ದುಪಡಿ ಸಿಗುತ್ತದೆ. ಸಹಕಾರ ಸಂಘಗಳ ನಾಡಿನವರಿಗೆ ಈ ರಚನೆ ಅಪರಿಚಿತವಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದ ತತ್ವವೂ ಸದಸ್ಯರ ಆಸ್ತಿ ಒಬ್ಬರ ಕೈ ಸೇರಬಾರದೆಂದೇ.

ಎದುರು ವಾದ ಬಲವಾಗಿಯೇ ಇದೆ. ದಾವಣಗೆರೆಯಲ್ಲಿ ಓದಿ ಬರುವ ಹುಡುಗರು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆ ಮೈಎಸ್‌ಕ್ಯೂಎಲ್ ಕಲಿತಿರುತ್ತಾರೆ, ಕಡಿಮೆ ಬಾಡಿಗೆಯ ವೆಬ್ ಹೋಸ್ಟಿಂಗ್‌ನಲ್ಲಿ ಅದೇ ಸಿಗುತ್ತದೆ, ಕೆಟ್ಟರೆ ರಿಪೇರಿಗೆ ಜನ ಸಿಗುತ್ತಾರೆ. ಪೋಸ್ಟ್‌ಗ್ರೆಸ್‌ಗೆ ತನ್ನದೇ ಕಾಟಗಳೂ ಇವೆ. ತಿದ್ದಿದ ಸಾಲಿನ ಹಳೆಯ ಪ್ರತಿಗಳನ್ನು ಆಗಾಗ ಗುಡಿಸಬೇಕು, ಅದು ತಾನಾಗಿ ನಡೆದರೂ ಕಣ್ಣಿಡಬೇಕು. ಆವೃತ್ತಿಯಿಂದ ಆವೃತ್ತಿಗೆ ಏರುವುದು ಒಂದು ಗುಂಡಿ ಒತ್ತಿ ಮುಗಿಯುವ ಕೆಲಸವಲ್ಲ. 2018ರಲ್ಲಿ ಲಿನಕ್ಸ್‌ನ ಮೂಲ ತಂತ್ರಾಂಶ ಗ್ರಂಥಾಲಯ ಅಕ್ಷರಗಳ ವಿಂಗಡಣೆಯ ಕ್ರಮ ಬದಲಿಸಿದಾಗ, ಆಪರೇಟಿಂಗ್ ಸಿಸ್ಟಮ್ ಏರಿಸಿದ ಅನೇಕರ ಪೋಸ್ಟ್‌ಗ್ರೆಸ್ ಸೂಚಿಗಳು ಒಳಗಿಂದೊಳಗೇ ತಪ್ಪಾದವು, ಅವನ್ನು ಮತ್ತೆ ಕಟ್ಟಬೇಕಾಯಿತು. ಇದನ್ನು ತಿಳಿಯದವನ ಕೈಯಲ್ಲಿ ಪೋಸ್ಟ್‌ಗ್ರೆಸ್ ಕೂಡ ಕೈಕೊಡುತ್ತದೆ.

ಹಾಗಿದ್ದೂ ಈ ವಾದ ನನ್ನನ್ನು ಪೂರ್ತಿ ಒಪ್ಪಿಸುವುದಿಲ್ಲ. ಒಂದನ್ನು ಸರಿಯಾಗಿ ಬಲ್ಲವನು ಇನ್ನೊಂದಕ್ಕೆ ಹೊರಳಲು ವರ್ಷಗಳು ಬೇಡ, ಆದೇಶಗಳ ಭಾಷೆ ಬಹುಪಾಲು ಒಂದೇ. ಹುಡುಗನ ಅಭ್ಯಾಸ ಕೆಲವು ತಿಂಗಳಲ್ಲಿ ಬದಲಾಗುತ್ತದೆ, ಸಂಘದ ದಾಖಲೆ ಅವನ ಮಕ್ಕಳ ಕಾಲಕ್ಕೂ ಇರಬೇಕು. ಆದರೆ ಇಡೀ ಸಾಫ್ಟ್‌ವೇರ್ ಸಿದ್ಧವಾಗಿ ಸಿಗುವ ಕಡೆ ನನ್ನ ಆಗ್ರಹವಿಲ್ಲ. ಗ್ರಂಥಾಲಯಕ್ಕೆ ಕೊಹಾ ಎಂಬ ಸಾಫ್ಟ್‌ವೇರ್ ಹಾಕಿದರೆ ಮರಿಯಾಡಿಬಿಯೋ ಮೈಎಸ್‌ಕ್ಯೂಎಲ್ಲೋ ಅದರ ಜೊತೆಗೇ ಬರುತ್ತದೆ. ಮುಂಬೈಯಲ್ಲಿ ಹುಟ್ಟಿದ, ಸಂಸ್ಥೆಗಳ ವ್ಯವಹಾರ ನಡೆಸುವ ಇಆರ್‌ಪಿನೆಕ್ಸ್ಟ್ ಮರಿಯಾಡಿಬಿಯ ಮೇಲೆಯೇ ಬೆಳೆದದ್ದು. ಅವುಗಳ ತಳಪಾಯ ಕಿತ್ತು ಬೇರೆ ಹಾಕಲು ಹೊರಡುವುದು ಬೇಡದ ಸಾಹಸ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೂ ಈ ಪ್ರಶ್ನೆ ಈಗ ಅಷ್ಟಾಗಿ ಇಲ್ಲ. ಸುಮಾರು 63,000 ಸಂಘಗಳಿಗೆಂದು 2022ರಲ್ಲಿ ಕೇಂದ್ರ 2,516 ಕೋಟಿ ರೂಪಾಯಿಗೆ ಒಪ್ಪಿದ ಯೋಜನೆ ಅವುಗಳಿಗೆ ಒಂದೇ ಸಾಫ್ಟ್‌ವೇರ್ ತರುತ್ತಿದೆ.

ಒಂದೇ ಕಂಪ್ಯೂಟರ್, ಒಬ್ಬರೇ ಬರೆಯುವವರು ಇರುವ ಕಡೆ ಎಸ್‌ಕ್ಯೂಲೈಟ್‌ಗೆ ಸಮನಾದದ್ದು ಇಲ್ಲ. 2000ದಲ್ಲಿ ರಿಚರ್ಡ್ ಹಿಪ್ ಅದನ್ನು ಬರೆದು ಎಲ್ಲ ಹಕ್ಕನ್ನೂ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಸರ್ವರ್ ಇಲ್ಲ, ಪಾಸ್‌ವರ್ಡ್ ಇಲ್ಲ, ಇಡೀ ಡೇಟಾಬೇಸ್ ಒಂದೇ ಕಡತ. ಪೆನ್‌ಡ್ರೈವಿಗೆ ನಕಲು ಮಾಡಿದರೆ ಬ್ಯಾಕಪ್ ಆಯಿತು, ಆ ಹೊತ್ತಿಗೆ ಪ್ರೋಗ್ರಾಮ್ ಮುಚ್ಚಿರಬೇಕು ಅಷ್ಟೆ. ಕರೆಂಟು ಹೋದರೂ ಟ್ರಾನ್ಸಾಕ್ಷನ್ ಕೆಡುವುದಿಲ್ಲ. 2050ರವರೆಗೆ ಅದನ್ನು ನೋಡಿಕೊಳ್ಳುತ್ತೇವೆ ಎಂದು ಅದರ ತಂಡ ಹೇಳಿದೆ. ಡೇರಿಯ ಹಾಲಿನ ಲೆಕ್ಕಕ್ಕೆ ಇದು ಸಾಕೋ ಸಾಕು. ಆದರೆ ಅದು ಸಡಿಲ ಸ್ವಭಾವದ್ದು. ಸಂಖ್ಯೆಯ ಕಾಲಂನಲ್ಲಿ ಹೆಸರು ಬರೆದರೂ ತೆಗೆದುಕೊಳ್ಳುತ್ತದೆ. 2021ರಲ್ಲಿ ಬಂದ ‘ಸ್ಟ್ರಿಕ್ಟ್’ ಟೇಬಲ್ ಬಳಸಿದರೆ ಮಾತ್ರ ಬಿಗಿಯಾಗುತ್ತದೆ. ದಶಾಂಶದ ನಿಖರ ಬಗೆ ಅದರಲ್ಲಿ ಇಲ್ಲದ್ದರಿಂದ ದುಡ್ಡನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ ಪೂರ್ಣಾಂಕವಾಗಿ ಇಡಬೇಕು.

ನೆಲ ಮತ್ತು ನೀರಿನ ದಾಖಲೆಗೆ ಬಂದರೆ ಪೋಸ್ಟ್‌ಗ್ರೆಸ್‌ಗೆ ಸರಿಸಾಟಿ ಕಾಣುವುದಿಲ್ಲ. 2001ರಿಂದ ಅದರ ಜೊತೆ ಬೆಳೆದ ಪೋಸ್ಟ್‌ಜಿಐಎಸ್ ಎಂಬ ವಿಸ್ತರಣೆ ನಕ್ಷೆಯ ಗಡಿಗಳನ್ನೇ ಟೇಬಲ್‌ನಲ್ಲಿ ಇಡುತ್ತದೆ. ಸೂಳೆಕೆರೆಯಂಥ ದೊಡ್ಡ ಕೆರೆಯ ಅಂಗಳಕ್ಕೆ ಯಾವ ಸರ್ವೆ ನಂಬರು ಎಷ್ಟು ಗುಂಟೆ ಒಳಬಂದಿದೆ, ಅದರ ಸಿದ್ಧನಾಲೆ, ಬಸವನಾಲೆಗಳ ಕೆಳಗೆ ಯಾವ ಜಮೀನುಗಳಿವೆ ಎಂದು ಕೇಳಿದರೆ ಉತ್ತರ ಕೊಡುತ್ತದೆ. ಜಗಳೂರಿನಲ್ಲಿ ತುಂಗಭದ್ರೆಯ ನೀರನ್ನು 57 ಕೆರೆಗಳಿಗೆ ಹರಿಸುವ ಯೋಜನೆ ಇದೆ. ಯಾವ ಕೆರೆಗೆ ಯಾವ ದಿನ ಎಷ್ಟು ನೀರು ಬಂತು, ಅದರ ಸುತ್ತಲ ಯಾವ ಹಳ್ಳಿಗಳ ಕೊಳವೆಬಾವಿಗಳಲ್ಲಿ ಮಟ್ಟ ಏರಿತು ಎಂಬ ಲೆಕ್ಕವನ್ನು ಹಳ್ಳಿಯವರೇ ಇಡಲು ಬೇಕಾದ ಸಾಧನ ಈಗ ಬಿಟ್ಟಿಯಾಗಿ ಸಿಗುತ್ತದೆ.

ಯಾವುದನ್ನೇ ಆರಿಸಿ, ಒಪ್ಪಂದ ಬರೆಯುವಾಗ ಆಡಳಿತ ಮಂಡಳಿ ಕೆಲವು ಮಾತುಗಳನ್ನು ಪಟ್ಟುಹಿಡಿದು ಬರೆಸಬೇಕು. ಡೇಟಾಬೇಸಿಗೆ ಪ್ರಧಾನ ಪಾಸ್‌ವರ್ಡ್ ಇದ್ದರೆ ಅದು ಸಂಘದ ಬೀರುವಿನಲ್ಲಿರಬೇಕು, ಟೇಬಲ್‌ಗಳ ರಚನೆಯ ವಿವರ ಕಾಗದದ ಮೇಲೆ ಇರಬೇಕು. ಪ್ರತಿ ತಿಂಗಳು ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಒಬ್ಬ ಸದಸ್ಯನ ಬಾಕಿಯನ್ನು ಪಾಸ್‌ಬುಕ್ಕಿನೊಡನೆ ತಾಳೆ ನೋಡಬೇಕು. ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕ ಪರಿಶೋಧಕರು ಬ್ಯಾಕಪ್ ಎಂದು ಒಪ್ಪಬಾರದು. ಈ ನಾಲ್ಕು ಡೇಟಾಬೇಸ್‌ಗಳೂ ತಮ್ಮೊಳಗಿನ ಎಲ್ಲವನ್ನೂ ಸರಳ ಪಠ್ಯವಾಗಿ ಹೊರಗೆ ಬರೆದುಕೊಡುತ್ತವೆ. ಮಾಡಿಕೊಟ್ಟವನು ಬೆಂಗಳೂರಿಗೆ ಹೋಗಿ ಫೋನ್ ಎತ್ತದಿದ್ದರೂ, ನೋಟ್‌ಪ್ಯಾಡಿನಲ್ಲಿ ತೆರೆಯುವ ಆ ಕಡತವನ್ನು ಹಿಡಿದು ಹೊಸಬನೊಬ್ಬ ಕೆಲಸ ಶುರುಮಾಡಬಹುದು.